ಶಾರ್ಲಟ್ಸ್‌ವಿಲ್‌ನ ಲೀ ಪ್ರತಿಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವರ್ಜೀನಿಯಾ ರಾಜ್ಯದ ಶಾರ್ಲಟ್ಸ್‌ವಿಲ್ ಪಟ್ಟಣದ ನಡುಮಧ್ಯೆ ಒಂದು ಸಣ್ಣ ಪಾರ್ಕ್ ಇದೆ. 1924ರಿಂದ 2021ರವರೆಗೆ ಅಲ್ಲಿ ಜನರಲ್ ರಾಬರ್ಟ್ ಇ. ಲೀಯ ಕಂಚಿನ ಪ್ರತಿಮೆ ನಿಂತಿತ್ತು. ಅದನ್ನು ತೆಗೆಯಬೇಕೇ ಬೇಡವೇ ಎಂಬ ಜಗಳ ಕೋರ್ಟು ಹತ್ತಿತು, ಬೀದಿಗೆ ಇಳಿಯಿತು, ಒಬ್ಬ ಹೆಣ್ಣುಮಗಳ ಜೀವ ತೆಗೆಯಿತು. ಓದುಗರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಕಾನೂನಿನ ಭಾಗ ಸ್ವಲ್ಪ ಉದ್ದವಾಗಿದೆ. ಪ್ರತಿಮೆಯ ಹಣೆಬರಹ ತೀರ್ಮಾನವಾದದ್ದು ಅಲ್ಲೇ ಆದ್ದರಿಂದ ಅದನ್ನು ಮೊಟಕು ಮಾಡಿಲ್ಲ.

ಲೀ ಯಾರು? ಈ ಊರಿಗೂ ಅವನಿಗೂ ಏನು ಸಂಬಂಧ?

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ದೇಶದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳನ್ನು ಕಾನ್ಫೆಡರೇಟ್ ಎನ್ನುತ್ತಾರೆ. ಲೀ ಅವರ ಪ್ರಮುಖ ಸೇನಾಪತಿ. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಆಪೊಮ್ಯಾಟಕ್ಸ್‌ನಲ್ಲಿ ಶರಣಾದ, 1870ರಲ್ಲಿ ತೀರಿಕೊಂಡ.

ಶಾರ್ಲಟ್ಸ್‌ವಿಲ್‌ನಲ್ಲಿ ಅವನು ಯಾವ ಕದನವನ್ನೂ ಆಡಿದವನಲ್ಲ. ಯುದ್ಧ ಈ ಊರಿಗೆ ಬಂದದ್ದು 1865ರ ಮಾರ್ಚ್ 3ರಂದು, ಉತ್ತರದ ಸೈನ್ಯ ಒಳಗೆ ಕಾಲಿಟ್ಟಾಗ. ಊರಿನ ಮುಖಂಡರು ಪ್ರತಿರೋಧ ತೋರದೆ ಶರಣಾದರು. ಆಗ ಈ ಊರು ಮತ್ತು ಸುತ್ತಲಿನ ಆಲ್ಬೆಮಾರ್ಲ್ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮಗಿರಿಯಲ್ಲಿದ್ದ ಕಪ್ಪು ಜನ. ಅವರ ಪಾಲಿಗೆ ಅದು ಬಿಡುಗಡೆಯ ದಿನ, ಈಗ ಊರು ಮಾರ್ಚ್ 3ನ್ನು ಹಾಗೆಯೇ ಆಚರಿಸುತ್ತದೆ. ಪ್ರತಿಮೆ ನೋಡಿದವರಿಗೆ ಈ ಬಹುಸಂಖ್ಯಾತರ ಸುಳಿವೂ ಸಿಗುತ್ತಿರಲಿಲ್ಲ. ನಮ್ಮ ಪ್ರಕಾರ ಇಡೀ ವಿವಾದದ ಬೇರು ಇದೇ.

ಯುದ್ಧ ಮುಗಿದು ಸುಮಾರು 60 ವರ್ಷದ ಮೇಲೆ ಪ್ರತಿಮೆ ಏಕೆ ನಿಲ್ಲಿಸಿದರು?

ಈ ಪ್ರಶ್ನೆ ಕೇಳದೆ ಉಳಿದದ್ದು ಅರ್ಥವಾಗುವುದಿಲ್ಲ. ಶೇರು ವ್ಯವಹಾರದಲ್ಲಿ ಹಣ ಮಾಡಿ ಊರಿಗೆ ಮರಳಿದ ಪಾಲ್ ಗುಡ್‌ಲೋ ಮೆಕಿಂಟೈರ್ ಎಂಬ ಸಿರಿವಂತರು 1917ರಲ್ಲಿ ಒಂದು ಇಡೀ ಬ್ಲಾಕ್ ಜಾಗ ಕೊಂಡು, ತಂದೆತಾಯಿಯ ನೆನಪಿಗೆಂದು ಅದನ್ನು ಪಾರ್ಕಾಗಿ ನಗರಕ್ಕೆ ದಾನ ಕೊಟ್ಟರು. ನಡುವೆ ಲೀ ಪ್ರತಿಮೆ ನಿಲ್ಲಿಸುವುದೂ ಅವರದೇ ಯೋಜನೆ. ಊರಿಗೆ ಅವರು ಕೊಡಿಸಿದ ಇನ್ನೊಂದು ಪ್ರತಿಮೆ ಕಾನ್ಫೆಡರೇಟ್ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್‌ನದು, ನಿಂತದ್ದು 1921ರಲ್ಲಿ, ನ್ಯಾಯಾಲಯದ ಪಕ್ಕ. ಆ ಜಾಗಕ್ಕಾಗಿ ಮೆಕೀ ರೋ ಎಂಬ ಕಪ್ಪು ಜನರ ಓಣಿಯನ್ನು ಕೆಡವಿದ್ದರು.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1902ರ ವರ್ಜೀನಿಯಾ ಸಂವಿಧಾನ ಮತದಾನಕ್ಕೆ ತಲೆಗಂದಾಯ ಮತ್ತು ಓದು-ಬರಹದ ಪರೀಕ್ಷೆ ಹೇರಿ ಕಪ್ಪು ಮತದಾರರನ್ನು ಪಟ್ಟಿಯಿಂದ ಹೊರಗಟ್ಟಿತು. ಲೀ ಪ್ರತಿಮೆ ಅನಾವರಣಗೊಂಡದ್ದು 1924ರ ಮೇ 21ರಂದು. ಅದೇ ವರ್ಷದ ಮಾರ್ಚ್‌ನಲ್ಲಿ ಬಿಳಿಯರು ಬೇರೆ ಜನಾಂಗದವರನ್ನು ಮದುವೆಯಾಗುವುದನ್ನು ನಿಷೇಧಿಸುವ ಕಾಯ್ದೆ ಆ ರಾಜ್ಯದಲ್ಲಿ ಬಂದಿತ್ತು. ಸ್ಮಾರಕವೊಂದು ತಾನು ತೋರಿಸುವ ಕಾಲದಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ತನ್ನನ್ನು ನಿಲ್ಲಿಸಿದ ಕಾಲವನ್ನು ಹೇಳುತ್ತದೆ. ಲೀ ಪ್ರತಿಮೆಯನ್ನು 1865ರ ಕುರುಹೆಂದು ಓದಿದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ಅದು 1924ರ ಕುರುಹು.

ಶಿಲ್ಪಿ ಯಾರು?

ಮೊದಲು ಹೆನ್ರಿ ಶ್ರೇಡಿ. ವಾಷಿಂಗ್ಟನ್‌ನಲ್ಲಿ ಸಂಸತ್ ಭವನದ ಎದುರಿರುವ ಯುಲಿಸಿಸ್ ಗ್ರಾಂಟ್ ಸ್ಮಾರಕ, ಅಂದರೆ ಲೀಯನ್ನು ಸೋಲಿಸಿದ ಸೇನಾಪತಿಯ ಸ್ಮಾರಕ, ಇವರದೇ ಕೆಲಸ. ಶ್ರೇಡಿ 1922ರಲ್ಲಿ ತೀರಿಕೊಂಡ ಮೇಲೆ ಲಿಯೊ ಲೆಂಟೆಲ್ಲಿ ಪ್ರತಿಮೆಯನ್ನು ಮುಗಿಸಿದರು. ಗ್ರಾನೈಟ್ ಪೀಠವೂ ಸೇರಿ ಎತ್ತರ ಸುಮಾರು 26 ಅಡಿ. ಲೀ ತನ್ನ ಕುದುರೆ ಟ್ರಾವೆಲರ್ ಮೇಲೆ ಕೂತಿದ್ದ.

ಲೀಗೆ ಸ್ಮಾರಕ ಬೇಕಿತ್ತೇ?

ಬೇಡವೆಂಬಂತೆಯೇ ಬರೆದಿದ್ದಾನೆ. 1869ರಲ್ಲಿ ಗೆಟ್ಟಿಸ್‌ಬರ್ಗ್ ರಣಭೂಮಿಯಲ್ಲಿ ಸೈನ್ಯಗಳು ನಿಂತ ಜಾಗಗಳನ್ನು ಕಲ್ಲಿನಲ್ಲಿ ಗುರುತಿಸುವ ಕೆಲಸಕ್ಕೆ ಕರೆ ಬಂದಾಗ, ಯುದ್ಧದ ಗಾಯಗಳನ್ನು ಹಸಿಯಾಗಿಡದಿರುವುದೇ ಒಳ್ಳೆಯದು ಎಂಬ ಅರ್ಥದ ಪತ್ರ ಬರೆದು ನಿರಾಕರಿಸಿದ. ಈ ಪತ್ರವನ್ನೇ ಗುಲಾಮಗಿರಿಯ ಬಗ್ಗೆ ಅವನ ಪಶ್ಚಾತ್ತಾಪವೆಂದು ಓದುವವರಿದ್ದಾರೆ. ಪತ್ರದಲ್ಲಿ ಅಂಥದ್ದೇನೂ ಇಲ್ಲ.

ತೆಗೆಯಬೇಕೆಂಬ ಒತ್ತಾಯ ಯಾವಾಗ ಶುರುವಾಯಿತು?

ನಗರ ಪರಿಷತ್ತಿನ ಸದಸ್ಯೆಯೊಬ್ಬರು 2012ರಲ್ಲೇ ಮಾತೆತ್ತಿದ್ದರು, ಬೈಗುಳ ತಿಂದರು. 2016ರ ವಸಂತದಲ್ಲಿ ಝಯಾನಾ ಬ್ರಯಂಟ್ ಎಂಬ ಹೈಸ್ಕೂಲ್ ವಿದ್ಯಾರ್ಥಿನಿ ಮನವಿಪತ್ರ ಬರೆದಳು, ಉಪಮೇಯರ್ ವೆಸ್ ಬೆಲ್ಲಮಿ ಬೆಂಬಲಕ್ಕೆ ನಿಂತರು. ಪರಿಷತ್ತು ನೇಮಿಸಿದ ಆಯೋಗ ಆ ವರ್ಷದ ಡಿಸೆಂಬರ್‌ನಲ್ಲಿ ವರದಿ ಕೊಟ್ಟು ಎರಡು ದಾರಿ ತೋರಿಸಿತು: ಪ್ರತಿಮೆಯನ್ನು ಊರಿನ ಇನ್ನೊಂದು ಪಾರ್ಕಿಗೆ ಸಾಗಿಸುವುದು, ಇಲ್ಲವೇ ಇದ್ದಲ್ಲೇ ಇಟ್ಟು ಸುತ್ತಲಿನ ಜಾಗವನ್ನು ಬೇರೆ ಅರ್ಥ ಬರುವಂತೆ ಮರುರೂಪಿಸುವುದು. 2017ರ ಫೆಬ್ರವರಿ 6ರಂದು ಪರಿಷತ್ತು 3-2 ಮತಗಳಿಂದ ತೆಗೆಯಲು ನಿರ್ಧರಿಸಿತು.

ಪಕ್ಕದಲ್ಲಿ ವಿವರಣೆಯ ಫಲಕ ಹಾಕಿದ್ದರೆ ಸಾಕಾಗುತ್ತಿರಲಿಲ್ಲವೇ?

ಒಳ್ಳೆಯ ಮನಸ್ಸಿನಿಂದ ಬರುವ ಪ್ರಶ್ನೆ ಇದು. ಆದರೆ ಅಳತೆ ಯೋಚಿಸಿ. 26 ಅಡಿಯ ಕುದುರೆಸವಾರನ ಬುಡದಲ್ಲಿ ಸೊಂಟದೆತ್ತರದ ಫಲಕ. ಪ್ರತಿಮೆ ರಸ್ತೆಯ ಆಚೆಯಿಂದಲೂ, ಚಲಿಸುವ ಕಾರಿನಿಂದಲೂ ಕಾಣುತ್ತದೆ. ಫಲಕ ಓದಲು ಪಾರ್ಕಿನೊಳಗೆ ಬಂದು, ಬಾಗಿ, ಎರಡು ನಿಮಿಷ ನಿಲ್ಲಬೇಕು. ಫಲಕದ ಒಕ್ಕಣೆಗೆ ಎಲ್ಲರೂ ಒಪ್ಪುವುದು ಇನ್ನೊಂದು ಸುತ್ತಿನ ಜಗಳ, ಎಷ್ಟೋ ಊರುಗಳಲ್ಲಿ ಅದು ವರ್ಷಗಟ್ಟಲೆ ಎಳೆದಿದೆ. ಫಲಕ ಕೆಲಸ ಮಾಡುವುದು ಸ್ಮಾರಕವೇ ಚಿಕ್ಕದಿದ್ದಾಗ, ಅಥವಾ ಅದಕ್ಕೆ ಉತ್ತರವಾಗಿ ಅಷ್ಟೇ ಎತ್ತರದ ಇನ್ನೊಂದು ಸ್ಮಾರಕವೂ ಎದುರಿಗಿದ್ದಾಗ.

ಪರಿಷತ್ತು ತೀರ್ಮಾನಿಸಿದ ಮೇಲೂ ನಾಲ್ಕು ವರ್ಷ ಏಕೆ ಹಿಡಿಯಿತು?

ಒಂದು ಕಾನೂನಿನ ದೆಸೆಯಿಂದ. 1904ರಲ್ಲಿ ವರ್ಜೀನಿಯಾ ಶಾಸನಸಭೆ ಕೌಂಟಿಗಳಿಗೆ ತಮ್ಮ ನ್ಯಾಯಾಲಯದ ಆವರಣದಲ್ಲಿ ಕಾನ್ಫೆಡರೇಟ್ ಸ್ಮಾರಕ ಕಟ್ಟಲು ಅನುಮತಿ ಕೊಟ್ಟಿತು. ಒಮ್ಮೆ ಕಟ್ಟಿದ ಮೇಲೆ ಅದಕ್ಕೆ ಯಾರೂ ಅಡ್ಡಿಪಡಿಸುವಂತಿಲ್ಲ ಎಂದೂ ಸೇರಿಸಿತು. ವರ್ಷಗಳು ಕಳೆದಂತೆ ಪಟ್ಟಿಗೆ ಬೇರೆ ಯುದ್ಧಗಳು ಸೇರಿದವು. 1997ರಲ್ಲಿ ಕಾನೂನನ್ನು ಮತ್ತೆ ಬರೆದಾಗ ಕೌಂಟಿಗಳ ಜೊತೆಗೆ ನಗರಗಳೂ ಅದರ ವ್ಯಾಪ್ತಿಗೆ ಬಂದವು.

2017ರ ಮಾರ್ಚ್‌ನಲ್ಲಿ ಪ್ರತಿಮೆಯ ಪರವಾದ ಸಂಘಟನೆಗಳೂ ಕೆಲವು ನಿವಾಸಿಗಳೂ ಇದೇ ಕಾನೂನು ಹಿಡಿದು ದಾವೆ ಹೂಡಿದರು. ಸರ್ಕ್ಯೂಟ್ ಕೋರ್ಟ್ ಮೊದಲು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. 2019ರಲ್ಲಿ, ಇವು ಯುದ್ಧ ಸ್ಮಾರಕಗಳೇ ಎಂದು ಹೇಳಿ ಶಾಶ್ವತ ತಡೆಯಾಜ್ಞೆ ಹೊರಡಿಸಿತು.

ನಗರ ಮೇಲ್ಮನವಿ ಹಾಕಿತು. 2021ರ ಏಪ್ರಿಲ್ 1ರಂದು ವರ್ಜೀನಿಯಾ ಸುಪ್ರೀಂ ಕೋರ್ಟ್ ಕೆಳಗಿನ ತೀರ್ಪನ್ನು ತಳ್ಳಿಹಾಕಿತು. ಲೀ ಒಳ್ಳೆಯವನೋ ಕೆಟ್ಟವನೋ, ಪ್ರತಿಮೆ ಜನಾಂಗದ್ವೇಷದ್ದೋ ಅಲ್ಲವೋ ಎಂಬುದರ ಮೇಲೆ ಆ ತೀರ್ಪು ನಿಂತಿಲ್ಲ. ತರ್ಕ ಇಷ್ಟೇ: 1920ರ ದಶಕದಲ್ಲಿ ಪ್ರತಿಮೆಗಳು ನಿಂತಾಗ ಕಾನೂನು ಕೌಂಟಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಇವು ನಗರದ ಸ್ವತ್ತು. 1997ರ ತಿದ್ದುಪಡಿಗೆ ಪೂರ್ವಾನ್ವಯ ಇಲ್ಲ, ಅಂದರೆ ಅದಕ್ಕೂ ಮೊದಲು ನಗರಗಳಲ್ಲಿ ನಿಂತ ಸ್ಮಾರಕಗಳಿಗೆ ಅದು ಅನ್ವಯಿಸದು. ಆದ್ದರಿಂದ ಈ ಎರಡು ಪ್ರತಿಮೆಗಳಿಗೆ ಆ ರಕ್ಷಣೆ ಎಂದೂ ಇರಲೇ ಇಲ್ಲ.

ಯಾವ ಊರಿನಲ್ಲೇ ಆಗಲಿ, ಇಂಥ ವಿವಾದಕ್ಕೆ ಕೈಹಾಕುವವರು ಭಾಷಣಕ್ಕೆ ಮುಂಚೆ ಮೂರು ಕಾಗದ ಹುಡುಕಬೇಕು: ಜಾಗದ ದಾನಪತ್ರ, ಸ್ಮಾರಕ ಈಗ ಯಾರ ಸ್ವತ್ತು ಎಂಬ ದಾಖಲೆ, ಅದು ನಿಂತ ವರ್ಷದಲ್ಲಿ ಜಾರಿಯಲ್ಲಿದ್ದ ಕಾನೂನಿನ ಮೂಲಪಾಠ. ಈಗಿನ ಪಾಠವಷ್ಟನ್ನೇ ಓದಿದರೆ ಸಾಲದು.

2017ರ ಆಗಸ್ಟ್‌ನಲ್ಲಿ ಏನಾಯಿತು?

ಪ್ರತಿಮೆ ತೆಗೆಯುವುದನ್ನು ವಿರೋಧಿಸಿ ಆಗಸ್ಟ್ 11ರ ರಾತ್ರಿ ಬಿಳಿಯ ಶ್ರೇಷ್ಠತಾವಾದಿಗಳು ಪಂಜು ಹಿಡಿದು ವರ್ಜೀನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಮೆರವಣಿಗೆ ಮಾಡಿದರು. ಮರುದಿನ ಪಾರ್ಕಿನಲ್ಲಿ ಅವರ ಸಭೆಗೆ ಅನುಮತಿ ಇತ್ತು. ಜಾಗ ಇಕ್ಕಟ್ಟು, ಆದ್ದರಿಂದ ಹೆಚ್ಚು ವಿಶಾಲವಾದ ಮೆಕಿಂಟೈರ್ ಪಾರ್ಕಿಗೆ ಸಭೆಯನ್ನು ಬದಲಿಸಲು ನಗರ ಯತ್ನಿಸಿತ್ತು. ಹಿಂದಿನ ಸಂಜೆಯೇ ಫೆಡರಲ್ ನ್ಯಾಯಾಧೀಶರು ಆ ಬದಲಾವಣೆಯನ್ನು ತಡೆದರು. ಬೆಳಗ್ಗೆಯೇ ಅವರಿಗೂ ಅವರನ್ನು ವಿರೋಧಿಸಲು ಬಂದವರಿಗೂ ಹೊಡೆದಾಟ ಹತ್ತಿಕೊಂಡು, ಸಭೆ ಶುರುವಾಗಬೇಕಿದ್ದ ಮಧ್ಯಾಹ್ನಕ್ಕೆ ಮುಂಚೆಯೇ ಪೊಲೀಸರು ಅದನ್ನು ಕಾನೂನುಬಾಹಿರ ಎಂದು ಘೋಷಿಸಿದರು. ಚದುರಿದ ಗುಂಪುಗಳು ಬೀದಿಬೀದಿಗೆ ಹರಡಿದವು. ಮಧ್ಯಾಹ್ನದ ಮೇಲೆ ನವನಾಜಿ ಒಬ್ಬ ಫೋರ್ತ್ ಸ್ಟ್ರೀಟ್‌ನಲ್ಲಿ ಶ್ರೇಷ್ಠತಾವಾದಿಗಳನ್ನು ವಿರೋಧಿಸಿ ಬಂದಿದ್ದ ಪ್ರತಿಭಟನಕಾರರ ಮೇಲೆ ಕಾರು ನುಗ್ಗಿಸಿದ. 32 ವರ್ಷದ ಹೆದರ್ ಹೇಯರ್ ಸತ್ತರು, ಹತ್ತಾರು ಮಂದಿ ಗಾಯಗೊಂಡರು. ಕಾವಲಿಗಿದ್ದ ಪೊಲೀಸ್ ಹೆಲಿಕಾಪ್ಟರ್ ಬಿದ್ದು ಇಬ್ಬರು ಅಧಿಕಾರಿಗಳು ಜೀವ ಕಳೆದುಕೊಂಡರು. ಕಾರು ಹರಿಸಿದವನಿಗೆ 2019ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಎದುರಾಳಿ ಗುಂಪುಗಳು ಬರುವುದು ಮೊದಲೇ ಗೊತ್ತಿದ್ದಾಗ ಬರುವ ದಾರಿ, ಹೋಗುವ ದಾರಿ ಎರಡನ್ನೂ ಬೇರೆ ಬೇರೆ ಮಾಡಬೇಕು. ಸಭೆ ರದ್ದಾದರೆ ಜನ ಯಾವ ರಸ್ತೆಗೆ ಇಳಿಯುತ್ತಾರೆ ಎಂಬ ಲೆಕ್ಕವೂ ಮೊದಲೇ ಬೇಕು. ಅಂದು ಸಾವು ಆದದ್ದು ಪಾರ್ಕಿನಲ್ಲಲ್ಲ. ಪಾರ್ಕ್ ಖಾಲಿಯಾದ ಮೇಲೆ, ಕೆಲವೇ ಬ್ಲಾಕ್ ದೂರದ ಬೀದಿಯಲ್ಲಿ.

ಪ್ರತಿಮೆಗೆ ಕಪ್ಪು ಟಾರ್ಪಾಲು ಹೊದಿಸಿದ್ದು ಏಕೆ?

ಶೋಕಸೂಚಕವಾಗಿ. ತಡೆಯಾಜ್ಞೆ ಇದ್ದುದರಿಂದ ತೆಗೆಯುವಂತಿರಲಿಲ್ಲ. ಆ ಆಗಸ್ಟ್‌ನಲ್ಲೇ ಲೀ, ಜಾಕ್ಸನ್ ಇಬ್ಬರಿಗೂ ಕಪ್ಪು ಹೊದಿಕೆ ಬಂತು. ರಾತ್ರಿ ಬಂದು ಹರಿಯುವವರು, ಬೆಳಗ್ಗೆ ಮತ್ತೆ ಕಟ್ಟುವ ನಗರದ ನೌಕರರು, ಹೀಗೇ ತಿಂಗಳುಗಳು ಕಳೆದವು. ಶೋಕಕ್ಕೂ ಒಂದು ಮಿತಿ ಇರಬೇಕೆಂಬ ವಾದವನ್ನು ಒಪ್ಪಿ ಕೋರ್ಟು 2018ರ ಫೆಬ್ರವರಿಯಲ್ಲಿ ಹೊದಿಕೆ ತೆಗೆಸಿತು.

ಪ್ರತಿಮೆಗೆ ಬಣ್ಣ ಬಳಿದರೆ ಸ್ವಚ್ಛ ಮಾಡುವುದು ಹೇಗೆ?

ಕಲ್ಲಿಗೆ ಒಂದು ವಿಧಾನ, ಕಂಚಿಗೆ ಇನ್ನೊಂದು. ಗ್ರಾನೈಟ್ ಗಟ್ಟಿಯಾದರೂ ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ಸ್ಪ್ರೇ ಬಣ್ಣ ಒಳಗಿಳಿಯುತ್ತದೆ. ದ್ರಾವಕ ಬೆರೆಸಿದ ಜೇಡಿಯಂಥ ಲೇಪ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ, ಬಣ್ಣ ಲೇಪಕ್ಕೆ ಏರಿದ ಮೇಲೆ ಕೆರೆದು ತೆಗೆಯುತ್ತಾರೆ. ಒಂದೇ ಸಲಕ್ಕೆ ಹೋಗುವುದು ಅಪರೂಪ. ಜನ ಮಾಡುವ ದೊಡ್ಡ ತಪ್ಪು ಜೋರಾದ ನೀರಿನ ಪಂಪು ಹಿಡಿಯುವುದು. ಅದು ಬಣ್ಣವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಕಲ್ಲಿನ ಹೊಳಪೂ ಹೋಗುತ್ತದೆ.

ಕಂಚಿಗೆ ಮೇಣವೇ ರಕ್ಷಣೆ. ಮೇಲ್ಮೈಯನ್ನು ಬಿಸಿ ಮಾಡಿ ತೆಳುವಾಗಿ ಮೇಣ ಹಚ್ಚಿ ಉಜ್ಜಿರುತ್ತಾರೆ. ಬಣ್ಣ ಆ ಮೇಣದ ಮೇಲೆಯೇ ಕೂರುವುದರಿಂದ ಎರಡನ್ನೂ ಒಟ್ಟಿಗೆ ಎಬ್ಬಿಸಿ ಮತ್ತೆ ಹೊಸ ಮೇಣ ಹಚ್ಚಬಹುದು. ಹಚ್ಚಿ ವರ್ಷಗಳಾಗಿದ್ದರೆ ಬಣ್ಣ ನೇರ ಲೋಹದ ಪದರಕ್ಕೆ ಹಿಡಿಯುತ್ತದೆ, ಉಜ್ಜಿದಲ್ಲೆಲ್ಲ ತೇಪೆ ಕಾಣುತ್ತದೆ.

ವರ್ಜೀನಿಯಾದ ಬೇರೆ ಊರುಗಳು ಈಗ ಏನು ಮಾಡಬೇಕು?

ಶಾಸನಸಭೆ 2020ರಲ್ಲಿ ಕಾನೂನು ಬದಲಿಸಿತು, ಅದು ಆ ಜುಲೈ 1ರಿಂದ ಜಾರಿಯಲ್ಲಿದೆ. ಸ್ಥಳೀಯ ಆಡಳಿತ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಪ್ರಕಟಣೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ಸಾರ್ವಜನಿಕ ಅಹವಾಲು ಸಭೆ. ಅದಾದ ಮೇಲೆ ಮತದಾನ: ತೆಗೆಯುವುದು, ಸಾಗಿಸುವುದು, ಮುಚ್ಚುವುದು, ವಿವರಣೆ ಸೇರಿಸುವುದು, ಎಲ್ಲಕ್ಕೂ ಅವಕಾಶವಿದೆ. ತೆಗೆಯುವುದೆಂದಾದರೆ 30 ದಿನ ಕಾಲ ಅದನ್ನು ಮ್ಯೂಸಿಯಂ, ಇತಿಹಾಸ ಸಂಘ, ಬೇರೆ ಸರ್ಕಾರ ಅಥವಾ ರಣಭೂಮಿ ಸಂಸ್ಥೆಗಳಿಗೆ ನೀಡಲು ಮುಂದಾಗಬೇಕು. ಕೊನೆಗೆ ಯಾರಿಗೆ, ಏನು ಎಂಬ ಅಧಿಕಾರ ಸ್ಥಳೀಯ ಆಡಳಿತದ್ದೇ. ಸಾರ್ವಜನಿಕ ಸ್ಮಶಾನದಲ್ಲಿರುವ ಸ್ಮಾರಕಗಳಿಗೆ ಇದು ಅನ್ವಯಿಸದು.

ಶಾರ್ಲಟ್ಸ್‌ವಿಲ್ ಕೋರ್ಟಿನಲ್ಲಿ ಗೆದ್ದಿದ್ದರೂ ಈ ಕ್ರಮವನ್ನೇ ಪಾಲಿಸಿತು: 2021ರ ಜೂನ್ 7ರಂದು ಅಹವಾಲು ಸಭೆ ಮತ್ತು ಮತದಾನ, 30 ದಿನದ ಕಾಯುವಿಕೆ, ಜುಲೈ 10ರ ಶನಿವಾರ ಬೆಳಗ್ಗೆ ಕ್ರೇನ್. ಅಂದು ಲೀ, ಜಾಕ್ಸನ್ ಇಬ್ಬರೂ ಇಳಿದರು. ದಿನಾಂಕವನ್ನು ಹಿಂದಿನ ದಿನವಷ್ಟೇ ಬಹಿರಂಗ ಮಾಡಿದ್ದು ಒಳ್ಳೆಯದೇ ಆಯಿತು, ಹೊರಗಿನಿಂದ ಗುಂಪು ಸೇರಲು ಸಮಯ ಸಿಗಲಿಲ್ಲ.

ಇಷ್ಟು ದೊಡ್ಡ ಕಂಚಿನ ಕುದುರೆಯನ್ನು ಎತ್ತುವುದು ಹೇಗೆ?

ಇಂಥ ಪ್ರತಿಮೆ ಒಳಗೆ ಟೊಳ್ಳು. ತುಂಡುತುಂಡಾಗಿ ಎರಕ ಹೊಯ್ದು ಬೆಸೆದಿರುತ್ತಾರೆ, ಒಳಗೆ ಕಬ್ಬಿಣದ ಹಂದರವಿರಬಹುದು. ಭಾರವೆಲ್ಲ ಹೊಟ್ಟೆ ಮತ್ತು ಸವಾರನ ಕಡೆ ಇರುತ್ತದೆ, ನಿಂತಿರುವುದು ಮಾತ್ರ ತೆಳುವಾದ ಕಾಲುಗಳ ಮೇಲೆ. ಆದ್ದರಿಂದ ಕಾಲಿಗೆ ಹಗ್ಗ ಕಟ್ಟಿ ಎಳೆಯುವಂತಿಲ್ಲ. ಮುಂಗಾಲಿನ ಹಿಂದೆ ಒಂದು, ಹಿಂಗಾಲಿನ ಮುಂದೆ ಒಂದು ಅಗಲವಾದ ಬೆಲ್ಟನ್ನು ಹೊಟ್ಟೆಯಡಿ ಹಾಯಿಸಿ, ಸವಾರನ ಭಾರದಿಂದ ಪಕ್ಕಕ್ಕೆ ವಾಲದಂತೆ ಮೇಲೂ ಬಿಗಿಯುತ್ತಾರೆ. ಆಮೇಲೆ ಪೀಠಕ್ಕೆ ಹಿಡಿದಿರುವ ಬೋಲ್ಟುಗಳನ್ನು ಕತ್ತರಿಸಬೇಕು. ಕ್ರೇನ್ ಮೊದಲು ಕೆಲವೇ ಅಂಗುಲ ಎತ್ತಿ ನಿಲ್ಲಿಸುತ್ತದೆ. ಎಲ್ಲೋ ಒಂದು ಬೋಲ್ಟ್ ಇನ್ನೂ ಹಿಡಿದಿದ್ದರೆ, ಬೆಲ್ಟ್ ಜಾರುತ್ತಿದ್ದರೆ, ಆಗಲೇ ಗೊತ್ತಾಗುತ್ತದೆ.

ಕೆಡುವುದು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಕಡೆ. ಬೆಸುಗೆಯ ಬಿರುಕಿನಿಂದ ಮಳೆನೀರು ಹೊಟ್ಟೆಯೊಳಗೆ ನಿಲ್ಲುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಂಚನ್ನು ಒಳಗಿನಿಂದ ಸೀಳುತ್ತದೆ. ಹಾಗಾಗಿ ಎತ್ತುವ ಮುನ್ನ ರಂಧ್ರ ಕೊರೆದು ಸಣ್ಣ ಕ್ಯಾಮೆರಾ ಇಳಿಸಿ ನೋಡುವುದು ಲೇಸು.

ಸಾಗಣೆಗೆ ರಸ್ತೆ ಸೇತುವೆಗಳ ಎತ್ತರವೂ ಅಡ್ಡ ಬರುತ್ತದೆ. ರಾಜಧಾನಿ ರಿಚ್ಮಂಡ್‌ನ ಲೀ ಪ್ರತಿಮೆ ಪೀಠ ಬಿಟ್ಟು 21 ಅಡಿ, ಸುಮಾರು 12 ಟನ್. 2021ರ ಸೆಪ್ಟೆಂಬರ್ 8ರಂದು ಇಳಿಸಿದ ಮೇಲೆ ಸವಾರನನ್ನು ಸೊಂಟದ ಬಳಿ ಕತ್ತರಿಸಿಯೇ ಒಯ್ಯಬೇಕಾಯಿತು. ಶಾರ್ಲಟ್ಸ್‌ವಿಲ್‌ನದು ಅದಕ್ಕಿಂತ ಚಿಕ್ಕದು, ಇಡಿಯಾಗಿಯೇ ಟ್ರೇಲರ್ ಏರಿತು.

ಮ್ಯೂಸಿಯಂಗೆ ಕೊಡದೆ ಕರಗಿಸಿದ್ದು ಏಕೆ?

ಮ್ಯೂಸಿಯಂಗೆ ಕೊಡಿ ಎನ್ನುವುದು ಸುಲಭ. ತೆಗೆದುಕೊಳ್ಳುವವರಿಗೆ ಸಾಗಣೆ, ಹೊಸ ಅಡಿಪಾಯ, ವಿಮೆ, ಹಗಲುರಾತ್ರಿ ಕಾವಲು ಎಲ್ಲ ಬೇಕು. ಮಾಮೂಲಿ ಕಟ್ಟಡದ ನೆಲ ಆ ಭಾರ ತಾಳುವುದಿಲ್ಲ. ಬೇರೆಲ್ಲೋ ಮತ್ತೆ ನಿಲ್ಲಿಸಿದರೆ ಅದೇ ಗುಂಪುಗಳು ಅಲ್ಲಿಗೆ ಹೋಗುತ್ತವೆ ಎಂಬ ಭಯವೂ ಇತ್ತು.

ಊರಿನ ಜೆಫರ್ಸನ್ ಸ್ಕೂಲ್ ಆಫ್ರಿಕನ್ ಅಮೆರಿಕನ್ ಪರಂಪರಾ ಕೇಂದ್ರ, ಪ್ರತಿಮೆಯನ್ನು ಕರಗಿಸಿ ಆ ಕಂಚಿನಿಂದಲೇ ಊರಿಗೆ ಹೊಸ ಕಲಾಕೃತಿ ಮಾಡಿಸುವ ಯೋಜನೆ ಮುಂದಿಟ್ಟಿತು. 2021ರ ಡಿಸೆಂಬರ್‌ನಲ್ಲಿ ಪರಿಷತ್ತು ಒಪ್ಪಿತು. ಬೇಡಿಕೆ ಇಟ್ಟಿದ್ದ ಬೇರೆ ಸಂಸ್ಥೆಗಳು ದಾವೆ ಹೂಡಿದವು. ಅದು ಮುಗಿದ ಮೇಲೆ, 2023ರ ಅಕ್ಟೋಬರ್‌ನಲ್ಲಿ, ಹೊರರಾಜ್ಯದ ಫೌಂಡ್ರಿಯೊಂದರಲ್ಲಿ ಪ್ರತಿಮೆ ಕರಗಿತು. ಕೆಲಸಗಾರರ ಸುರಕ್ಷತೆಗಾಗಿ ಫೌಂಡ್ರಿಯ ಹೆಸರು ಗುಟ್ಟಾಗಿಟ್ಟರು. ಜಾಕ್ಸನ್ ಪ್ರತಿಮೆ ಲಾಸ್ ಏಂಜಲಿಸ್‌ನ ಕಲಾಸಂಸ್ಥೆಯೊಂದಕ್ಕೆ ಹೋಯಿತು, ಅದನ್ನು ಕಲಾವಿದೆ ಕಾರಾ ವಾಕರ್ ತುಂಡರಿಸಿ ಬೇರೆಯದೇ ಶಿಲ್ಪವಾಗಿ ಜೋಡಿಸಿದ್ದಾರೆ.

ಇತಿಹಾಸವನ್ನು ಅಳಿಸಿಬಿಟ್ಟರು ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಲಾಕೃತಿ ಕರಗಿದರೆ ವಾಪಸು ಬರುವುದಿಲ್ಲ. ಆದರೂ ಈ ಊರು ಏನು ಮಾಡಿತು, ಏಕೆ ಮಾಡಿತು ಎಂಬ ನಡಾವಳಿ, ತೀರ್ಪು, ಛಾಯಾಚಿತ್ರಗಳೆಲ್ಲ ಉಳಿದಿವೆ. ಮೆಕೀ ರೋ ಕೆಡವಿದಾಗ ಇಂಥ ಯಾವ ವಿಚಾರಣೆಯೂ ಅಲ್ಲಿದ್ದವರ ಪಾಲಿಗೆ ಇರಲಿಲ್ಲ.

ಕಂಚು ಕರಗಿಸುವಾಗ ಏನು ಎಚ್ಚರ ಬೇಕು?

ಮೊದಲು ತುಂಡು ಮಾಡಿ ಒಳಗಿನ ಕಬ್ಬಿಣ, ಮಣ್ಣು, ಮೇಣ ಬಿಡಿಸಬೇಕು. ಹಳೆಯ ಮಿಶ್ರಲೋಹದಲ್ಲಿ ಸೀಸ ಇದ್ದರೆ ಹೊಗೆ ವಿಷ, ಅದನ್ನು ಹೀರುವ ಯಂತ್ರ ಬೇಕು. ಮೂಸೆಯ ಶಾಖ 1,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಿಶ್ರಲೋಹದಲ್ಲಿ ಸತು ಇದ್ದರೆ ಅದು 907 ಡಿಗ್ರಿಗೇ ಕುದಿಯುವುದರಿಂದ ಸ್ವಲ್ಪ ಆವಿಯಾಗಿ ಹೋಗುತ್ತದೆ. ಮತ್ತೆ ಎರಕ ಹೊಯ್ಯುವ ಉದ್ದೇಶವಿದ್ದರೆ ಮಿಶ್ರಣ ಪರೀಕ್ಷಿಸಿ ಕೊರತೆ ತುಂಬಬೇಕು. ಮೇಲೆ ತೇಲುವ ಕಿಟ್ಟ ತೆಗೆದು ಅಚ್ಚಿಗೆ ಸುರಿಯುತ್ತಾರೆ. ಅಚ್ಚು ಒಣಗಿರಲೇಬೇಕು, ತೇವವಿದ್ದರೆ ಲೋಹ ಸಿಡಿಯುತ್ತದೆ. ಲೀ ಪ್ರತಿಮೆ ಹೀಗೆ ಕಂಚಿನ ಗಟ್ಟಿಗಳಾಯಿತು.

ಕರ್ನಾಟಕದಲ್ಲಿ ಇಂಥದ್ದು ನಡೆದಿದೆಯೇ?

ಬೆಂಗಳೂರಿನಲ್ಲಿ ನಡೆದಿದೆ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಬೆಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ಈಗಿನ ಹಡ್ಸನ್ ವೃತ್ತದ ಬಳಿ ಸೆನೊಟಾಫ್ ಎಂಬ ಒಂದು ಸ್ತಂಭವಿತ್ತು. ಕೋಟೆ ಉಳಿಸಲು ಹೋರಾಡಿ ಮಡಿದ ಕಿಲ್ಲೇದಾರ ಬಹಾದುರ್ ಖಾನ್‌ನ ನೆನಪಿಗೆ ಅದಲ್ಲ. ಕನ್ನಡ ಹೋರಾಟಗಾರರ ಒತ್ತಾಯದ ನಂತರ 1964ರಲ್ಲಿ ನಗರಪಾಲಿಕೆ ಸ್ತಂಭವನ್ನು ಕೆಡವಿತು. ಅದರ ಹೆಸರು ಹೊತ್ತಿದ್ದ ಸೆನೊಟಾಫ್ ರಸ್ತೆ ಈಗಿನ ನೃಪತುಂಗ ರಸ್ತೆ.

ಇವತ್ತು ಇಂಥ ಪ್ರಶ್ನೆ ಎದ್ದರೆ, ಆ ಸ್ಮಾರಕವು ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅಥವಾ ಕರ್ನಾಟಕದ 1961ರ ಇಂಥದ್ದೇ ಕಾಯ್ದೆಯಡಿ ಸಂರಕ್ಷಿತವೇ ಎಂದು ಮೊದಲು ನೋಡಬೇಕು. ಸಂರಕ್ಷಿತವಾಗಿದ್ದರೆ ಪಾಲಿಕೆ ತಾನೇ ಕೈ ಹಾಕುವಂತಿಲ್ಲ.

ಹೋದರೆ ಈಗ ಏನು ನೋಡಬಹುದು?

ಪಾರ್ಕಿನ ಹೆಸರು ಲೀ ಪಾರ್ಕ್ ಹೋಗಿ 2017ರಲ್ಲಿ ಎಮ್ಯಾನ್ಸಿಪೇಶನ್ ಪಾರ್ಕ್, 2018ರಲ್ಲಿ ಮಾರ್ಕೆಟ್ ಸ್ಟ್ರೀಟ್ ಪಾರ್ಕ್ ಆಯಿತು. ಹಳೆಯ ನಕ್ಷೆ ಹಿಡಿದವರಿಗೆ ಗೊಂದಲವಾಗುವುದು ಇಲ್ಲೇ. ಪ್ರತಿಮೆಯಾಗಲಿ ಪೀಠವಾಗಲಿ ಇಲ್ಲ, ಪ್ರವೇಶ ಉಚಿತ. ವಾಷಿಂಗ್ಟನ್‌ನಿಂದ ಸುಮಾರು 190 ಕಿ.ಮೀ., ರೈಲೂ ಇದೆ. ಕಾರಿನಲ್ಲಿ ಬಂದವರು ಮಾರ್ಕೆಟ್ ಸ್ಟ್ರೀಟ್‌ನ ಪಾರ್ಕಿಂಗ್ ಕಟ್ಟಡದಲ್ಲಿ ನಿಲ್ಲಿಸಿ ನಡೆದೇ ಎಲ್ಲ ನೋಡಬಹುದು. ಫೋರ್ತ್ ಸ್ಟ್ರೀಟ್‌ನ ಆ ಭಾಗಕ್ಕೆ ಹೆದರ್ ಹೇಯರ್ ಹೆಸರಿಟ್ಟಿದ್ದಾರೆ. ಪರಂಪರಾ ಕೇಂದ್ರ ಇರುವುದು 1926ರಲ್ಲಿ ಕಪ್ಪು ಮಕ್ಕಳಿಗೆಂದು ಕಟ್ಟಿದ ಹಳೆಯ ಜೆಫರ್ಸನ್ ಶಾಲೆಯಲ್ಲಿ. ಹೊರಡುವ ಮೊದಲು ಅಲ್ಲಿನ ತೆರೆಯುವ ವೇಳೆ ನೋಡಿಕೊಂಡು, ಒಂದೆರಡು ಗಂಟೆ ಅದಕ್ಕೇ ಮೀಸಲಿಡಿ.